ಹುಟ್ಟಿದ ಸ್ಥಳ: ತಿಪ್ಪೆ

ಮೊನ್ನೆ ಹೊಸದಾಗಿ ನೌಕರಿಗೆ ಸೇರಿದ ಇಬ್ಬರು ಹುಡುಗಿಯರು ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದರು. ನಾನು ಸೇರಿದಾಗ ಈ ಹುದ್ದೆಗೆ ಗ್ರಾಮ ಲೆಕ್ಕಾಧಿಕಾರಿ ಎನ್ನುತ್ತಿದ್ದರು, ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ. ಜನರ ಬಾಯಲ್ಲಿ ಅಂದೂ ಇಂದೂ ತಲಾಟಿಯೇ. ಚಹಾ ಕುಡಿಯುತ್ತ ಒಬ್ಬಳು ಕೇಳಿದಳು, "ಮೇಡಂ, ಈ ಕೆಲಸದಾಗ ಭಾಳ ತ್ರಾಸಿಂದು ಯಾವುದ್ರಿ? ಪಹಣಿನೋ, ಪಂಚನಾಮೆನೋ?"

"ಹೆಸರು," ಎಂದೆ.

ಇಬ್ಬರೂ ನಕ್ಕರು. ನಾನೂ ನಕ್ಕೆ. ಅವರು ಹೋದ ಮೇಲೆ ಹಳೆಯ ಡೈರಿಗಳ ಗಂಟು ಬಿಚ್ಚಿ ಕುಳಿತೆ. ಹೆಸರು ಎಂದರೆ ನನ್ನ ತಲೆಯಲ್ಲಿ ಮೊದಲು ಎದ್ದು ನಿಲ್ಲುವವನು ತಿಪ್ಪ್ಯಾ. ನಾನು ಬರೆದ ಒಂದು ಸಾಲಿನಿಂದ ಇಪ್ಪತ್ತೆರಡು ವರ್ಷಗಳ ನಂತರ ಅವನಿಗೆ ಸಿಕ್ಕ ನೌಕರಿ ಕೈತಪ್ಪುವುದರಲ್ಲಿತ್ತು. ಅದನ್ನು ಉಳಿಸಲು ಅವನ ತಾಯಿ 'ಇವನು ನನ್ನ ಮಗ' ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಆಕೆ ಹೇಳಲು ಒಪ್ಪಲಿಲ್ಲ. ಮಗನ ಮೇಲಿನ ಸಿಟ್ಟಿನಿಂದಲ್ಲ, ಮಗ ಬದುಕಿರಲಿ ಎಂದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದು ಒಳ್ಳೆಯ ಮಾತುಗಳನ್ನು ನನ್ನ ಬಾಯಿಗೆ ಹಾಕಿ, ಪೆದ್ದ ಮಾತುಗಳನ್ನು ಬೇರೆಯವರಿಗೆ ಹಂಚುತ್ತದೆ. ಡೈರಿಯನ್ನೂ ಪೂರ್ತಿ ನಂಬುವುದಿಲ್ಲ, ಬರೆದವಳು ನಾನೇ ತಾನೆ! ಎರಡೂ ಕಡೆ ಕೂಡಿಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೂಡಿಬರದ ಕಡೆ ಹೇಳಿಬಿಡುತ್ತೇನೆ.

ಮೂವತ್ತೇಳು ದಾಟಿದ ಮೇಲೆ ನನಗೆ ನೌಕರಿ ಸಿಕ್ಕಿತ್ತು, ಆಗ ಸೇರಿ ಎರಡನೇ ತಿಂಗಳು. ದೊಡವಾಡದ ಕಡೆಯ ಒಂದು ಹಳ್ಳಿ. ಊರಿನ ಹೆಸರು ಬೇಡ, ಅಲ್ಲಿಯ ಹಿರಿಯರು ಈಗಲೂ ನನ್ನನ್ನು ಕಂಡರೆ ಮೀಸೆಯಲ್ಲೇ ನಗುತ್ತಾರೆ. ಜನನ ಮರಣದ ದಾಖಲೆ ಬರೆಯುವುದೂ ನಮ್ಮ ಕೆಲಸವಾಗಿತ್ತು. ವಾಲಿಕಾರ ಯಲ್ಲಪ್ಪ, ಅಂದರೆ ಊರಿನಲ್ಲಿ ನಮಗೆ ಸಹಾಯಕ್ಕಿರುವ ನೌಕರ, ಬೆಳಿಗ್ಗೆ ಬಂದು, "ಅಕ್ಕಾರ, ಕೆಳಗಿನ ಓಣ್ಯಾಗ ಒಂದು ಕೂಸು ಬಂದೈತಿ ರೀ," ಎಂದ. ಹುಟ್ಟೈತಿ ಎನ್ನಲಿಲ್ಲ, ಬಂದೈತಿ ಎಂದ. ಅಲ್ಲಿಯೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ಆಗಲಿಲ್ಲ.

ಹೋಗಿ ನೋಡಿದರೆ ಬಸಪ್ಪನ ಮನೆ. ಪಡಸಾಲೆಯ ಹೊರಸಿನ ಮೇಲೆ ಅವನ ಹೆಂಡತಿ ಗಂಗವ್ವ ತಲೆಗೆ ಬಟ್ಟೆ ಬಿಗಿದುಕೊಂಡು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕೆಳಗೆ ಎದುರು ಮನೆಯ ನೀಲವ್ವಜ್ಜಿ ಕಾಲು ಚಾಚಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ಫಾರ್ಮು ತೆಗೆದೆ.

"ಕೂಸಿನ ತಾಯಿ ಹೆಸರು?"

"ನೀಲವ್ವ," ಎಂದಳು ಅಜ್ಜಿ.

"ನಿಮ್ಮ ಹೆಸರಲ್ಲ ಅಜ್ಜಿ, ಕೂಸಿನ ತಾಯಿ ಹೆಸರು."

"ಅದನ್ನ ಹೇಳಾಕ ಹತ್ತೇನಲಾ. ಕೂಸು ನಂದು."

ಗಂಗವ್ವನ ಕಡೆ ನೋಡಿದೆ. ಆಕೆ ಮುಖ ತಿರುಗಿಸಿದಳು. "ಮತ್ತ ನೀವ್ಯಾಕ ಹಾಲು ಕುಡಸಾಕ ಹತ್ತೀರಿ?" ಎಂದು ಕೇಳಿದೆ.

"ಅಜ್ಜಿಗೆ ಎಲ್ಲಿ ಹಾಲ ಬರಬೇಕ್ರಿ? ಪಾಪ, ಹಸದಿತ್ತು. ಅದಕ್ಕ ಕೊಟ್ಟೇನಿ."

"ಅಜ್ಜಿ, ನಿಮಗ ವಯಸ್ಸೆಷ್ಟು?"

"ಅರವತ್ತಮೂರು. ನನ್ನ ಗಂಡ ಸತ್ತ ಹತ್ತ ವರ್ಷಾತು. ಅದನ್ನೂ ಬರಕೋ."

"ಕೂಸು ಹುಟ್ಟಿದ್ದು ಎಲ್ಲಿ?"

"ತಿಪ್ಪಿಮ್ಯಾಲ."

"ತಿಪ್ಪೆಯ ಮೇಲೆ?"

"ಹೂಂ. ಮುಂಜಾನಿ ಸಗಣಿ ಚೆಲ್ಲಾಕ ಹೋದ್ರ ಅಲ್ಲೇ ಬಿದ್ದಿತ್ತು. ಯಾರೂ ದಿಕ್ಕಿರಲಿಲ್ಲ. ಎತ್ತಿಕೊಂಡ ಬಂದೆ. ಅದಕ್ಕ ತಿಪ್ಪ್ಯಾ ಅಂತ ಹೆಸರಿಟ್ಟೇನಿ."

ಬಾಗಿಲಲ್ಲಿ ನಿಂತಿದ್ದ ಬಸಪ್ಪನನ್ನು ಕೇಳಿದೆ, "ತಂದಿ ಹೆಸರು ಏನಂತ ಬರೀಲಿ?"

ಅವನು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. "ತಂದಿ ಇದ್ದಿದ್ರ ಅದ್ಯಾಕ ತಿಪ್ಪಿಗೆ ಬೀಳತಿತ್ರಿ?"

ಯಲ್ಲಪ್ಪ ಮಾಳಿಗೆಯ ಜಂತಿಗಳನ್ನು ಒಂದೊಂದಾಗಿ ನೋಡುತ್ತಿದ್ದ. ನನಗೆ ಅನುಮಾನ ಬರಲಿಲ್ಲವೇ? ಬಂದಿತ್ತು. ಆದರೆ ತರಬೇತಿಯಲ್ಲಿ ಹೇಳಿದ್ದರು, ಮನೆಯವರು ಹೇಳಿದ್ದನ್ನು ಹೇಳಿದಂತೆಯೇ ಬರೆಯಿರಿ, ನಿಮ್ಮ ಬುದ್ಧಿ ಓಡಿಸಬೇಡಿ ಎಂದು. ನಾನು ಒಳ್ಳೆಯ ವಿದ್ಯಾರ್ಥಿನಿ. 'ಹುಟ್ಟಿದ ಸ್ಥಳ' ಎಂಬಲ್ಲಿ ಮನೆ, ಆಸ್ಪತ್ರೆ, ಇತರೆ ಎಂದು ಮೂರು ಚೌಕಗಳಿದ್ದವು. ಇತರೆ ಎಂಬುದಕ್ಕೆ ಗುರುತು ಹಾಕಿ, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ 'ತಿಪ್ಪೆ' ಎಂದು ಬರೆದೆ. ಅಕ್ಷರ ಮಾತ್ರ ಚೆಂದ ಬಂದಿತ್ತು.

ತಿಂಗಳ ಕೊನೆಗೆ ನಾಡಕಚೇರಿಯಲ್ಲಿ ಸಭೆ. ನಮ್ಮ ಸರ್ಕಲ್ ಸಾಹೇಬರು, ಅಂದರೆ ಕಂದಾಯ ನಿರೀಕ್ಷಕರು, ಕೆಂಪು ಶಾಯಿಯ ಪೆನ್ನಿಲ್ಲದೆ ಊಟಕ್ಕೂ ಕೂರದ ಮನುಷ್ಯ. ರಜಿಸ್ಟರ್ ತಿರುವುತ್ತಿದ್ದವರು ಒಂದು ಕಡೆ ನಿಂತರು. ಕನ್ನಡಕ ಒರೆಸಿಕೊಂಡರು. ಆಮೇಲೆ ಹದಿನೈದು ಜನ ತಲಾಟಿಗಳ ಮುಂದೆ ಗಟ್ಟಿಯಾಗಿ ಓದಿದರು:

"ಮಗುವಿನ ಹೆಸರು, ತಿಪ್ಪ್ಯಾ. ತಾಯಿ, ನೀಲವ್ವ, ವಯಸ್ಸು ಅರವತ್ತಮೂರು, ವಿಧವೆ. ತಂದೆ, ಇಲ್ಲ. ಹುಟ್ಟಿದ ಸ್ಥಳ, ತಿಪ್ಪೆ."

ರಜಿಸ್ಟರನ್ನು ನನ್ನ ಕಡೆ ತಿರುಗಿಸಿದರು.

"ಏನವ್ವಾ," ಎಂದರು ಸಾಹೇಬರು ಮೆಲ್ಲಗೆ, "ಇದು ರಜಿಸ್ಟರೋ, ಪುರಾಣೋ?"

ಆಗ ಎದ್ದ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸಾಹೇಬರ ಕನ್ನಡಕ ಮೇಜಿನ ಕೆಳಗೆ ಬಿತ್ತು, ಅದನ್ನು ಹುಡುಕಲು ಬಗ್ಗಿದವರು ಅಲ್ಲೇ ಕುಳಿತು ನಕ್ಕರು ಎಂದು ನೆನಪು ಹೇಳುತ್ತದೆ. ಡೈರಿಯಲ್ಲಿ 'ಸಾಹೇಬರು ನಕ್ಕರು, ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು' ಎಂದಷ್ಟೇ ಇದೆ. ಕನ್ನಡಕ ಬಿದ್ದಿತ್ತೋ ಇಲ್ಲವೋ, ಓದುವವರಿಗೆ ಬಿಟ್ಟಿದ್ದು.

ನಕ್ಕು ಮುಗಿದ ಮೇಲೆ ಅವರೇ ಹೇಳಿದರು. "ಹಡದಾಕಿ ಮೂರು ಕೂಸು ಕಳಕೊಂಡಿರಬೇಕು ನೋಡ್ರಿ. ನಾಕನೇದು ಹುಟ್ಟಿದ ಕೂಡಲೇ ಮರದಾಗ ಹಾಕಿ ತಿಪ್ಪಿಮ್ಯಾಲ ಇಟ್ಟು ಬರ್ತಾರ. ನೆರಮನಿ ಮುದುಕಿ ಎತ್ತಿಕೋತಾಳ. ಜವರಾಯ ಕೂಸಿನ್ನ ಹುಡುಕ್ಕೋತ ಬಂದ್ರ ಅಲ್ಲಿ ಆ ಮನಿಯವರ ಕೂಸ ಇಲ್ಲ. ಇದ್ದದ್ದು ಕಸ, ಮತ್ತೊಬ್ಬರದು. ಕಸಾ ಒಯ್ಯಾಕ ಜವ ಯಾಕ ಬರ್ತಾನ?" ಮರ ಎಂದರೆ ಕಾಳು ಕೇರುವ ಬಿದಿರಿನ ಮೊರ.

ನನಗೆ ಇನ್ನಷ್ಟು ನಾಚಿಕೆಯಾಯಿತು. ಧಾರವಾಡದಲ್ಲಿ ಎಂ.ಎ. ಓದುವಾಗ ಇದನ್ನೇ ಪಾಠದಲ್ಲಿ ಕೇಳಿದ್ದೆ. ತಿಪ್ಪಣ್ಣ, ಕಲ್ಲಪ್ಪ, ಅಡಿವೆಪ್ಪ, ತಿರಕಪ್ಪ, ಇವೆಲ್ಲ ಸಾವಿನ ಕಣ್ಣು ತಪ್ಪಿಸಲು ಇಟ್ಟ ಹೆಸರುಗಳೂ ಆಗಿರಬಹುದು ಎಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೆ. ಅದೇ ವಿಷಯ ಹೊರಸಿನ ಮೇಲೆ ಹಾಲು ಕುಡಿಯುತ್ತಿದ್ದರೆ ಗುರುತು ಸಿಗಲಿಲ್ಲ.

"ಹೋಗಿ ಖರೇ ತಾಯಿ ಹೇಳಿಕೆ ತಗೊಂಡ ಬರ್ರಿ," ಎಂದರು ಸಾಹೇಬರು. ಹೋದೆ. ಗಂಗವ್ವ ಬಾಗಿಲಿಗೆ ಬಂದಳು, ಕೂಸು ಹೆಗಲ ಮೇಲಿತ್ತು, ಕೆಮ್ಮುತ್ತಿತ್ತು. ನನ್ನ ಕೈಯ ಕಾಗದ ನೋಡಿದ್ದೇ ಆಕೆಯ ಮುಖ ಬಿಳಚಿಕೊಂಡಿತು. "ಅಕ್ಕಾರ, ಕಾಲಿಗೆ ಬೀಳ್ತೇನಿ. ಕೂಸಿಗೆ ಕೆಮ್ಮು ಹತ್ತೈತಿ. ಈಗ ನನ್ನ ಬಾಯಿಲೆ ಅನಸಬ್ಯಾಡ್ರಿ."

ಕಾಗದ ಮಡಚಿ ಚೀಲದಲ್ಲಿ ಇಟ್ಟೆ. ಆಮೇಲೆ ತಗೊಂಡರಾಯಿತು ಎಂದುಕೊಂಡೆ. ಹೊಸದಾಗಿ ಬಂದವರಿಗೆ ಹೇಳುತ್ತೇನೆ, ನಮ್ಮ ಕೆಲಸದಲ್ಲಿ 'ಆಮೇಲೆ' ಎನ್ನುವಷ್ಟು ಕೆಟ್ಟ ಶಬ್ದ ಇನ್ನೊಂದಿಲ್ಲ. ಕೂಸಿನ ಕೆಮ್ಮು ವಾಸಿಯಾಗುವುದರೊಳಗೆ ನನಗೆ ಸವದತ್ತಿ ತಾಲೂಕಿಗೆ ವರ್ಗವಾಯಿತು.

ಅಲ್ಲಿಂದ ಮುಂದೆ ಹೆಸರುಗಳ ಹುಚ್ಚು ಹತ್ತಿತು. ವಿಚಿತ್ರ ಹೆಸರು ಸಿಕ್ಕರೆ ಸಾಕು, ಕೆಲಸ ಮುಗಿಸಿ, ಚೀಲ ಕಂಕುಳಲ್ಲಿಟ್ಟು, ಇದು ಯಾಕೆ ಬಂತು ಎಂದು ಕೇಳಿಯೇ ಏಳುತ್ತಿದ್ದೆ. ಮುನವಳ್ಳಿಯ ಹತ್ತಿರ ಕಲ್ಲಪ್ಪ ಎಂಬ ಎಂಬತ್ತು ದಾಟಿದ ಮುದುಕ ಜೋಳದ ಕಣಿಕೆಯ ಹೊರೆ ಹೊತ್ತು ನನ್ನ ಮುಂದೆ ನಡೆಯುತ್ತಿದ್ದ. ಖಾಲಿ ಕೈಯ ನಾನು ಹಿಂದೆ ಏದುಸಿರು ಬಿಡುತ್ತಿದ್ದೆ. "ಹೆಸರಿನ ಗುಣ ರೀ ಅಕ್ಕಾರ," ಎಂದ. "ನನ್ನ ವಾರಿಗಿ ಚಂದ್ರಕಾಂತ, ಸೂರ್ಯಕಾಂತ ಎಲ್ಲಾರೂ ಹೋದ್ರು. ಕಲ್ಲ ಎಲ್ಲಿ ಹೋಗ್ತೈತಿ?"

ರಾಮದುರ್ಗದಲ್ಲಿ ಒಬ್ಬ ತಿರಕಪ್ಪ ಸಿಕ್ಕ. ಹುಟ್ಟಿದಾಗ ಅವನ ತಾಯಿ ಐದು ಮನೆ ತಿರುಗಿ ಹಳೆ ಬಟ್ಟೆ ಬೇಡಿ ತಂದು ಅಂಗಿ ಹೊಲಿಸಿದ್ದಳಂತೆ, ತಿರುಕರ ಕೂಸು ಎಂದು ಜವನಿಗೆ ತೋರಿಸಲು. ಅವನು ಅದನ್ನು ಹೇಳುತ್ತಿದ್ದುದು ಬಜಾರಿನ ತನ್ನದೇ ದೊಡ್ಡ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತು. "ಈಗೂ ಯಾವಾಗರೆ ಜವ ಬಂದ್ರ, ಆ ಹಳೇ ಅಂಗಿ ತೋರಸಾಕ ಪೆಟಗ್ಯಾಗ ಇಟ್ಟೇನ್ರಿ," ಎಂದು ನಕ್ಕು, ನನ್ನ ಮುಂದೆ ಹತ್ತು ಸೀರೆ ಹರವಿಸಿದ. ಒಂದನ್ನು ಕೊಂಡು ತಂದೆ.

ಕಿತ್ತೂರಿಗೆ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ಓಣಿ ತುಂಬ ಪಿಂಟ್ಯಾ, ಬಂಟ್ಯಾ, ಚಿಂಟ್ಯಾ. ಒಬ್ಬ ಅಜ್ಜಿಯನ್ನು ಕೇಳಿದೆ, "ಮೊಮ್ಮಗಗ ಪಿಂಟ್ಯಾ ಅಂತ ಇಟ್ಟೀರಿ, ಏನ ಅರ್ಥರಿ?" ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅರ್ಥ ಇಲ್ಲದ್ದಕ್ಕ ಇಟ್ಟೇವಿ. ತಿಪ್ಪ್ಯಾ, ಕಲ್ಯಾ ಎಲ್ಲಾ ಜವಗ ಗೊತ್ತಾಗಿ ಹೋಗ್ಯಾವು. ಪಿಂಟ್ಯಾ ಅಂದ್ರ ಏನಂತ ಅಂವಗೂ ತಿಳಿಯೂದಿಲ್ಲ, ನಿಂತ ತಲಿ ಕೆರಕೋತಾನ," ಎಂದಳು. ಎಂ.ಎ. ಪರೀಕ್ಷೆಯಲ್ಲಿ ಇಷ್ಟು ಚೆಂದದ ಉತ್ತರವನ್ನು ನಾನು ಬರೆದಿರಲಿಲ್ಲ.

ಈ ನಡುವೆ ಕಂಪ್ಯೂಟರ್ ಬಂತು. ಮೊದಲು ನಾವು 'ಬಸಪ್ಪ ಉರ್ಫ್ ಗುಂಡ್ಯಾ' ಎಂದು ಕೈಯಲ್ಲಿ ಬರೆದರೆ ಇಬ್ಬರೂ ಒಬ್ಬನೇ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಕಂಪ್ಯೂಟರಿನಲ್ಲಿ ಕೂಗುವ ಹೆಸರಿಗೆ ಬೇರೆ ಚೌಕವೇ ಇರಲಿಲ್ಲ. ಒಂದು ಕಾಗದಕ್ಕೂ ಇನ್ನೊಂದು ಕಾಗದಕ್ಕೂ ಹೆಸರು ಕೂಡದಿದ್ದರೆ ಅದು ಇಬ್ಬರು ಮನುಷ್ಯರೆಂದೇ ಲೆಕ್ಕ. ಜನ ಕಾಗದ ಹಿಡಿದು, ತಾವು ತಾವೇ ಎಂದು ಸಾಬೀತು ಮಾಡಲು ಕಚೇರಿಗೆ ಅಲೆಯತೊಡಗಿದರು.

ನಿವೃತ್ತಿಗೆ ಕೆಲವು ತಿಂಗಳಿರುವಾಗ ನನ್ನನ್ನು ಮತ್ತೆ ಅದೇ ದೊಡವಾಡದ ಕಡೆಗೆ ಹಾಕಿದರು. ಒಂದು ಬುಧವಾರ ಬಾಗಿಲಿಗಿಂತ ಎತ್ತರದ ಹುಡುಗನೊಬ್ಬ ತಲೆ ಬಗ್ಗಿಸಿಕೊಂಡು ಚಾವಡಿಯೊಳಗೆ ಬಂದ.

"ನಮಸ್ಕಾರ್ರೀ ಅಕ್ಕಾರ. ನಾನು ಮಲ್ಲಿಕಾರ್ಜುನ ಬಸಪ್ಪ."

"ಯಾವ ಮಲ್ಲಿಕಾರ್ಜುನ?"

ಅವನು ಕುತ್ತಿಗೆ ಕೆರೆದುಕೊಂಡ. "ತಿಪ್ಪ್ಯಾ ರೀ."

ನಾನು ಎದ್ದು ನಿಂತೆ. ಅಂದು ಕೆಮ್ಮುತ್ತಿದ್ದ ಕೂಸು! ಕೈ ಹಿಡಿದು ಅಲುಗಾಡಿಸಿ ನೋಡಿದೆ. ಒಳ್ಳೆ ಕಂಬದಂತಿದ್ದ. ಕಂಬದ ನೌಕರಿಯೇ ಸಿಕ್ಕಿತ್ತು ಅವನಿಗೆ, ಲೈನ್‌ಮನ್. ಸೋಮವಾರ ಬೆಳಗಾವಿಯಲ್ಲಿ ದಾಖಲೆ ಪರಿಶೀಲನೆ. ಅವನ ಅಪ್ಪ ಶಾಲೆಯಲ್ಲಿ ಹೆಸರು ಹಚ್ಚುವಾಗ ಚೀಟಿಯಲ್ಲಿ ಬರೆದುಕೊಟ್ಟಿದ್ದನಂತೆ, ಮಲ್ಲಿಕಾರ್ಜುನ, ತಾಯಿ ಗಂಗವ್ವ ಎಂದು. ಈಗ ಜನನ ಪ್ರಮಾಣಪತ್ರ ತೆಗೆಸಿದರೆ ಅದರಲ್ಲಿ ನನ್ನ ದುಂಡಗಿನ ಅಕ್ಷರದ ಪುರಾಣ ಹೊರಬಿದ್ದಿತ್ತು. ಶಾಲೆಯ ಕಾಗದದವನೇ ಬೇರೆ, ಜನನ ಪತ್ರದವನೇ ಬೇರೆ. ಸೋಮವಾರದೊಳಗೆ ಇಬ್ಬರನ್ನೂ ಒಬ್ಬನನ್ನಾಗಿ ಮಾಡದಿದ್ದರೆ ನೌಕರಿ ಪಟ್ಟಿಯ ಮುಂದಿನವನಿಗೆ.

"ಇಬ್ಬರು ಪಂಚರು, ಮತ್ತ ನಿಮ್ಮವ್ವನ ಹೇಳಿಕೆ. ಶುಕ್ರವಾರ ಮುಗಿಸೋಣು, ಶನಿವಾರ ತಹಶೀಲ್ದಾರರ ಸಹಿ," ಎಂದೆ.

"ಪಂಚರು ಬರ್ತಾರ್ರಿ. ಚಿಗವ್ವಂದ ಕಠಿಣ ಐತಿ."

"ಚಿಗವ್ವ ಯಾಕ? ನಿಮ್ಮವ್ವ ಗಂಗವ್ವ ಬರ್ಲಿ."

"ಆಕೀನ ರೀ. ನಾ ಆಕಿಗೆ ಚಿಗವ್ವ ಅಂತೇನಿ. ಅವ್ವ ಅಂತ ಅನ್ನೂದು ನೀಲವ್ವಗ."

ಹೆತ್ತ ತಾಯಿಗೆ ಚಿಕ್ಕಮ್ಮ ಎನ್ನುತ್ತಿದ್ದ! ನಾನು ಕುಳಿತುಬಿಟ್ಟೆ. ಬೇರೆ ಊರುಗಳಲ್ಲಿ ಈ ಆಟ ತೊಟ್ಟಿಲ ದಿನವೇ ಮುಗಿಯುತ್ತದೆ. ಎತ್ತಿಕೊಂಡವಳು ಹಡೆದವಳಿಗೆ ತಿರುಗಿ ಕೊಟ್ಟುಬಿಡುತ್ತಾಳೆ. ಗಂಗವ್ವ ಮೂರು ಕೂಸು ಮಣ್ಣು ಮಾಡಿದವಳು, ಗಡಿಬಿಡಿ ಮಾಡಲು ತಯಾರಿರಲಿಲ್ಲ. ಲಗ್ನದಲ್ಲಿ ಮಗನಿಗೆ ಅರಿಶಿಣ ಹಚ್ಚುವ ದಿನ ತಿರುಗಿ ತಗೋತೇನಿ ಎಂದು ಹರಕೆ ಹೊತ್ತಿದ್ದಳು. ಇಪ್ಪತ್ತೆರಡು ವರ್ಷ ಅವನಿಗೆ ಉಣಿಸಿದಳು, ಎರೆದಳು, ಬೈದಳು. ನನ್ನ ಮಗ ಎಂದು ಮಾತ್ರ ಒಂದು ದಿನವೂ ಬಾಯಿಬಿಟ್ಟು ಅನ್ನಲಿಲ್ಲ.

ಶುಕ್ರವಾರ ಚಾವಡಿಯಲ್ಲಿ ಎಲ್ಲರೂ ಕೂಡಿದರು. ಗಂಗವ್ವ ಗೋಡೆಗೆ ಒರಗಿ ಕುಳಿತಳು. ಬಸಪ್ಪ ಟೊಪ್ಪಿಗೆ ತೆಗೆದು ಹಾಕುತ್ತಿದ್ದ. ಎಂಬತ್ತೈದರ ನೀಲವ್ವಜ್ಜಿಯನ್ನು ತಿಪ್ಪ್ಯಾ ಎತ್ತಿಕೊಂಡೇ ಬಂದ. ನಾನು ಮೊದಲನೇ ಪಂಚನನ್ನು ಕೇಳಿದೆ.

"ಈ ಹುಡುಗನ ತಾಯಿ ಯಾರ್ರಿ?"

"ಎಲ್ಲಾರಿಗೂ ಗೊತ್ತೈತಲ್ರಿ."

"ಹಂಗಾದ್ರ ಹೇಳ್ರಿ."

"ಗೊತ್ತಿದ್ದದ್ದು ಯಾಕ ಹೇಳಬೇಕ್ರಿ?"

ಎರಡನೆಯವನು ಹೆಚ್ಚು ಸಹಕಾರಿ ಮನುಷ್ಯ. "ಹೇಳೂದಿಲ್ಲ, ತೋರಸ್ತೇನಿ," ಎಂದು ಗಂಗವ್ವನ ಕಡೆ ಗದ್ದ ಎತ್ತಿದ.

"ಪಂಚನಾಮೆದಾಗ ಗದ್ದ ಹೆಂಗ ಬರೀಲಿ?"

"ಅದು ನಿಮ್ಮ ಇಲಾಖೆಗೆ ಬಿಟ್ಟಿದ್ದು."

ಆಗಲೇ ನಿವೃತ್ತನಾಗಿದ್ದ ಯಲ್ಲಪ್ಪನೂ ತಮಾಷೆ ನೋಡಲು ಬಂದು ಕುಳಿತಿದ್ದ. ಮತ್ತೆ ಜಂತಿ ಎಣಿಸತೊಡಗಿದ. ನಾನು ಗಂಗವ್ವನ ಮುಂದೆ ಹೋಗಿ ಕುಳಿತೆ. "ನೀವು ಒಂದ ಮಾತು ಅಂದ್ರ ಸಾಕು. ತಪ್ಪು ಬರದಾಕಿ ನಾನು. ನೀವು ಅನ್ನದ ಅದನ್ನ ತಿದ್ದಾಕ ಬರೂದಿಲ್ಲ."

ತಿಪ್ಪ್ಯಾ ಹೇಳಿದ, "ಚಿಗವ್ವಾ, ಒಂದ ಸಲ ಅನ್ನು. ಸೋಮವಾರ ನೌಕರಿ ಹೋಗ್ತೈತಿ."

"ನೌಕರಿ ಹೋದ್ರ ಮತ್ತೊಂದ ಬರ್ತೈತೋ," ಎಂದಳು ಗಂಗವ್ವ. "ಕರೆಂಟಿನ ಕಂಬಾ ಏರಾಂವ ನೀನು. ಏರೂದಕ್ಕ ಮೊದಲ ನನ್ನ ಬಾಯಿಲೆ ಅನಸ್ತಿ? ಮೂರು ಸಲ ಅಂದೇನಿ ನಾ. ಮೂರೂ ಸಲ ಕೇಳಸ್ಕೊಂಡಾನ ಅಂವ."

ಸುಮ್ಮನೆ ಹೇಳಿಕೆ ಬರೆದು ಆಕೆಯ ಹೆಬ್ಬೆಟ್ಟು ಒತ್ತಿಸಿಕೊಳ್ಳಬಹುದಿತ್ತು. ಹಾಗೆ ಮಾಡುವವರಿದ್ದಾರೆ. ಆ ಕ್ಷಣ ನಾನೂ ಮಾಡಲು ಮನಸ್ಸು ಮಾಡಿದ್ದೆನೋ ಏನೋ. ಡೈರಿಯಲ್ಲಿ ಆ ಮಾತಿಲ್ಲ, ಇಲ್ಲದಿರುವುದೇ ನನಗೆ ಅನುಮಾನ. ಅಷ್ಟರಲ್ಲಿ ನೀಲವ್ವಜ್ಜಿ ಕೋಲಿನಿಂದ ನೆಲ ಕುಟ್ಟಿದಳು.

"ಏ ಗಂಗೀ, ಇವನ ಲಗ್ನ ಯಾವಾಗ?"

"ಕನ್ಯಾ ನೋಡಬೇಕಲ್ಲವಾ ಅಜ್ಜಿ."

"ನೀ ಕನ್ಯಾ ನೋಡೂದ್ರಾಗ ನಾ ಹೋಗಿರ್ತೇನಿ. ಆಮ್ಯಾಲ ಇವನ್ನ ನಿನಗ ತಿರುಗಿ ಕೊಡಾವರು ಯಾರು? ಎತ್ತಿಕೊಂಡಾಕಿ ಇಲ್ಲ, ಹಡದಾಕಿ ತಗೊಂಡಿಲ್ಲ. ಮತ್ತ ತಿಪ್ಪಿನ ಗತಿ ಅವಗ. ಖರೇನೋ ಸುಳ್ಳೋ?"

ಗಂಗವ್ವ ತಲೆ ಎತ್ತಿದಳು. ಈ ಲೆಕ್ಕ ಆಕೆಯ ತಲೆಗೆ ಬಂದೇ ಇರಲಿಲ್ಲವೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೂ ಬಂದಿರಲಿಲ್ಲ.

"ತರ್ರಿ ಮರಾ," ಎಂದಳು ಅಜ್ಜಿ.

ಯಲ್ಲಪ್ಪ ಜಂತಿ ಬಿಟ್ಟು ಓಡಿದ. ಪಕ್ಕದ ಮನೆಯಿಂದ ಮರ ಬಂತು. ಬಿದಿರಿನದು, ಸಗಣಿ ಸಾರಿಸಿದ್ದು, ಹೊಸದು. ಅಜ್ಜಿ ಅದನ್ನು ತನ್ನ ಮುಂದೆ ಇಡಿಸಿ, "ಕುಂದರೋ," ಎಂದಳು.

"ಅವ್ವಾ, ನಾ ಎಪ್ಪತ್ತೆಂಟ ಕಿಲೋ ಅದೇನಿ."

"ನಾ ಎತ್ತಿದಾಗ ನನ್ನ ಎಲಿ ಅಡಕಿ ಚೀಲದಷ್ಟ ಇದ್ದಿ. ಬೆಳೀ ಅಂತ ಯಾರ ಹೇಳಿದ್ರು? ಕುಂದರು."

ಅವನು ಮರದಲ್ಲಿ ಮೆಲ್ಲಗೆ ಕುಳಿತ. ಮರ ಒಮ್ಮೆ ಕಿರುಗುಟ್ಟಿತು, ಆಮೇಲೆ ಪಟಪಟ ಎಂದು ನಾಲ್ಕು ಕಡೆ ಸೀಳಿತು. ಮೊಣಕಾಲು ಗದ್ದಕ್ಕೆ ಹತ್ತಿಸಿಕೊಂಡು ಕುಳಿತ ಲೈನ್‌ಮನ್ನನ್ನು ನೋಡಿ ಮೊದಲು ನಕ್ಕವನು ಬಸಪ್ಪ. ಅವನು ನಗುವುದನ್ನು ನಾನು ಅಂದೇ ನೋಡಿದ್ದು. ಪಂಚರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಮರ ಕೊಟ್ಟ ಮನೆಯವಳು ಬಾಗಿಲಿಗೆ ಬಂದು, "ನನ್ನ ಹೊಸಾ ಮರಾ!" ಎಂದು ಚೀರಿ, ಒಳಗೆ ನೋಡಿ, ತಾನೂ ನಗುತ್ತ ಅಲ್ಲೇ ಕುಸಿದಳು.

ಅಜ್ಜಿ ಮಾತ್ರ ನಗಲಿಲ್ಲ. ಎರಡೂ ಕೈಯಿಂದ ಅವನ ಬೆನ್ನು ನೂಕುತ್ತ, ಮಂತ್ರದಂತೆ ಹೇಳಿದಳು. "ನನಗ ತಿಪ್ಪಿಮ್ಯಾಲ ಸಿಕ್ಕಿತ್ತು. ಸಾಕೇನಿ, ಸಲಹೇನಿ. ಈಗ ನಿನಗ ಕೊಟ್ಟೇನಿ. ತಗೊಂಡಿ?"

ಗಂಗವ್ವ ಸೆರಗು ಹರವಿ ಉಡಿ ಒಡ್ಡಿದಳು. ಅಷ್ಟು ದೊಡ್ಡ ಆಳು ಉಡಿಯಲ್ಲಿ ಎಲ್ಲಿ ಹಿಡಿಯಬೇಕು? ಅವನು ಬಗ್ಗಿ ತಲೆಯನ್ನಷ್ಟೇ ಅದರಲ್ಲಿ ಇಟ್ಟ.

"ತಗೊಂಡಿಯೇನವಾ?" ಎಂದು ಅಜ್ಜಿ ಮತ್ತೆ ಕೇಳಿದಳು.

"ಹೂಂ," ಎಂದಳು ಗಂಗವ್ವ. ಅಷ್ಟೇ.

ಅಷ್ಟಕ್ಕೆ ಪಂಚರ ಬಾಯಿಗೆ ಹಾಕಿದ್ದ ಕೀಲಿ ತೆಗೆದಂತಾಯಿತು. "ಬರಕೋರ್ರಿ ಅಕ್ಕಾರ, ತಾಯಿ ಗಂಗವ್ವ!" "ತಂದಿ ಬಸಪ್ಪ!" "ಹುಟ್ಟಿದ್ದು ಮನ್ಯಾಗ, ಬಡಗಣ ಕೋಲ್ಯಾಗ!" ಎಂದು ಇಬ್ಬರೂ ಒಟ್ಟಿಗೆ ಕೂಗತೊಡಗಿದರು. ನನ್ನ ಪೆನ್ನು ಅವರ ವೇಗಕ್ಕೆ ಓಡಲಿಲ್ಲ. 'ತಿಪ್ಪ್ಯಾ' ಎಂಬುದನ್ನು ಹೊಡೆದುಹಾಕಲು ಹೋದರೆ ಅಜ್ಜಿ ಕೋಲು ಅಡ್ಡ ಹಿಡಿದಳು. "ಅದ ನಾ ಇಟ್ಟದ್ದು. ಅದನ್ನ ಕೊಟ್ಟಿಲ್ಲ." ಹಾಗಾಗಿ 'ಮಲ್ಲಿಕಾರ್ಜುನ ಉರ್ಫ್ ತಿಪ್ಪ್ಯಾ' ಎಂದು ಬರೆದೆ. ಕಂಪ್ಯೂಟರಿನ ಹುಡುಗ ಮರುದಿನ ಎಷ್ಟು ಗೊಣಗಿದರೂ ಬಿಡದೆ ಒಂದೇ ಚೌಕದಲ್ಲಿ ಎರಡನ್ನೂ ತುರುಕಿಸಿದೆ.

ಗಂಗವ್ವನ ಹೇಳಿಕೆಯನ್ನು ಓದಿ ಹೇಳಿದೆ. 'ಸದರಿ ಮಲ್ಲಿಕಾರ್ಜುನ ಇವನು ನನ್ನ ಮಗನಿರುತ್ತಾನೆ.' ಆಕೆ ಕಣ್ಣು ಮುಚ್ಚಿ ಕೇಳಿದಳು.

"ಇನ್ನೊಮ್ಮೆ ಓದ್ರಿ."

ಓದಿದೆ.

"ಇನ್ನೊಮ್ಮೆ."

ನೆನಪಿನ ಪ್ರಕಾರ ಏಳು ಸಲ ಓದಿದೆ. ಡೈರಿಯ ಪ್ರಕಾರ ಮೂರು. ಆಮೇಲೆ ಹೆಬ್ಬೆಟ್ಟು ಒತ್ತಿದಳು. ಬಾಯಿಂದ ಮಾತ್ರ ಆ ಮಾತು ಆಗಲೂ ಬರಲಿಲ್ಲ. ತುಟಿ ಅಲುಗಾಡಿತು, ನಿಂತಿತು. ಕಾಗದಕ್ಕೆ ಸಾಕು ಎಂದು ನಾನೂ ಒತ್ತಾಯಿಸಲಿಲ್ಲ. ಮರದ ವಿಷಯವನ್ನು ಪಂಚನಾಮೆಯಲ್ಲಿ ಬರೆಯಲಿಲ್ಲ. ಬರೆಯಬೇಕಿತ್ತೇ? ಅದಿಲ್ಲದೆ ಆ ಪಂಚನಾಮೆಯೇ ಆಗುತ್ತಿರಲಿಲ್ಲ. ಹೊಸಬರು ಯೋಚಿಸಿ.

ಮುಂದಿನದು ನಾನು ಕಂಡದ್ದಲ್ಲ, ಸೋಮವಾರ ಸಂಜೆ ತಿಪ್ಪ್ಯಾ ಬಂದು ಹೇಳಿದ್ದು. ಬೆಳಗಾವಿಯಲ್ಲಿ ದಾಖಲೆ ನೋಡುವ ದೊಡ್ಡ ಕೋಣೆಯಲ್ಲಿ ಹುಡುಗರು ಕಿಕ್ಕಿರಿದಿದ್ದರು. ಗಂಗವ್ವ ರೊಟ್ಟಿಯ ಗಂಟು ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಇವನ ಸರದಿ ಬಂತು. ಸಾಹೇಬರು ಎರಡು ದಿನದ ಹಿಂದಷ್ಟೇ ತಿದ್ದಿದ ಕಾಗದ ನೋಡಿ ಹುಬ್ಬು ಗಂಟು ಹಾಕಿದರು.

"ಏನಪ್ಪಾ, ಇಪ್ಪತ್ತೆರಡು ವರ್ಷದ ಮೇಲೆ ತಾಯಿ ಬದಲಾಗಿದ್ದಾರಲ್ಲ? ಯಾರ ಮಗ ನೀನು?"

ತಿಪ್ಪ್ಯಾ ಬಾಯಿ ತೆರೆದ. ಹುಟ್ಟಿದಾಗಿನಿಂದ ಬಾಯಲ್ಲಿ ಆಡದ ಮಾತು, ಎಲ್ಲಿಂದ ಬರಬೇಕು? ಸಾಹೇಬರು ಕಾಗದವನ್ನು ಪಕ್ಕಕ್ಕೆ ಸರಿಸಲು ಕೈ ಹಾಕಿದರಂತೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ ರೊಟ್ಟಿಯ ಗಂಟು ಜನರ ನಡುವೆ ನುಗ್ಗಿಕೊಂಡು ಬಂತು.

"ನನ್ನ ಮಗಾ ರೀ! ನನ್ನ ಹೊಟ್ಯಾಗ ಹುಟ್ಟಿದ ಮಗಾ! ನಾ ಹಡದೇನಿ ಇವನ್ನ!"

ಗಂಗವ್ವ ಒಂದು ಕ್ಷಣ ಹಾಗೇ ನಿಂತು ಸುತ್ತ ನೋಡಿದಳು. ಹಂಚು ಬೀಳಲಿಲ್ಲ, ದೀಪ ಆರಲಿಲ್ಲ. ಮಗ ಎದುರಿಗೇ ನಿಂತಿದ್ದ, ಎಪ್ಪತ್ತೆಂಟು ಕಿಲೋ, ಕಿವಿಯವರೆಗೆ ಕೆಂಪಾಗಿ. ಸಾಹೇಬರು ಮೊಹರು ಹಾಕಿ, "ಆಯ್ತಮ್ಮ, ನಿಮ್ಮ ಮಗನೇ," ಎಂದರು.

ಮೊಹರು ಬಿದ್ದ ಮೇಲೆ ಆಕೆಯನ್ನು ನಿಲ್ಲಿಸುವವರಿಲ್ಲ. ಚಹಾದ ಅಂಗಡಿಯವನಿಗೆ ಹೇಳಿದಳು. ಚಪ್ಪಲಿ ಹೊಲಿಯುವವನಿಗೆ ಹೇಳಿದಳು. ದಾರಿ ಕೇಳಿದ ಯಾರೋ ಹುಡುಗಿಗೆ, ದಾರಿ ಗೊತ್ತಿಲ್ಲ, ಇಂವ ನನ್ನ ಮಗ ಎಂದಳು. ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ, "ನಂದು ಹೆಂಗಸರ ಪುಕ್ಕಟೆ ಟಿಕೆಟ್ ಐತಿ. ಈ ನನ್ನ ಮಗಗ ಒಂದ ಬೈಲಹೊಂಗಲ ಕೊಡ್ರಿ. ನನ್ನ ಮಗಾ ಇಂವ. ನೌಕರಿ ಆತು ನನ್ನ ಮಗಗ," ಎಂದಳು. ಕಂಡಕ್ಟರ್ ಟಿಕೆಟ್ ಹರಿದುಕೊಟ್ಟು ಹಿಂದೆ ಹೋದ. ಮುಂದೆ ಬಂದಾಗ ಮತ್ತೆ ಹೇಳಿದಳು. ಇನ್ನೊಮ್ಮೆ ಬಂದಾಗ ಇನ್ನೊಮ್ಮೆ.

"ಗೊತ್ತಾತ್ರೀ ಯವ್ವಾ, ನಿಮ್ಮ ಮಗಾ," ಎಂದ ಕಂಡಕ್ಟರ್. "ಇದು ಮೂರನೇ ಸಲ ಹೇಳಾಕ ಹತ್ತೀರಿ."

"ಇಪ್ಪತ್ತೆರಡ ವರ್ಷದ್ದು ಬಾಕಿ ಐತೋ ತಮ್ಮಾ," ಎಂದಳು ಗಂಗವ್ವ, ಅವನಿಗೆ ಪಕ್ಕದ ಸೀಟು ತೋರಿಸುತ್ತ. "ಬೈಲಹೊಂಗಲ ಇನ್ನೂ ದೂರ ಐತಿ. ಕುಂದರು, ಕೇಳು."